ಡೊಮೇನ್ ವಾಯಿದೆ ಮುಗಿದ ಮೇಲೆ: ಹಕ್ಕು ಯಾರದು, ಲಾಭ ಯಾರಿಗೆ?

ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ವಾಯಿದೆ ಮುಗಿದ ಡೊಮೇನ್ ಹೆಸರುಗಳ ಬಗ್ಗೆ, ರಿಜಿಸ್ಟ್ರಾರ್‌ಗಳು (ಹೆಸರುಗಳನ್ನು ನಮಗೆ ಮಾರಿ ನೋಂದಾಯಿಸುವ ಕಂಪನಿಗಳು) ಅವುಗಳ ವಿಷಯದಲ್ಲಿ ನಡೆದುಕೊಳ್ಳುವ ರೀತಿಯ ಬಗ್ಗೆ. ಉತ್ತರಗಳು ಡಾಟ್ ಕಾಮ್, ಡಾಟ್ ನೆಟ್, ಡಾಟ್ ಆರ್ಗ್‌ನಂಥ, ಐಕ್ಯಾನ್ ಎಂಬ ಅಂತಾರಾಷ್ಟ್ರೀಯ ಡೊಮೇನ್ ಮೇಲ್ವಿಚಾರಣಾ ಸಂಸ್ಥೆಯ ನಿಯಮಗಳಿಗೆ ಒಳಪಟ್ಟ ಹೆಸರುಗಳಿಗೆ ಅನ್ವಯಿಸುತ್ತವೆ. ದೇಶಗಳ ಎರಡಕ್ಷರದ ಡೊಮೇನ್‌ಗಳಲ್ಲಿ ಆಯಾ ರಿಜಿಸ್ಟ್ರಿ (ಹೆಸರುಗಳ ಮೂಲ ಪಟ್ಟಿ ಇಟ್ಟಿರುವ ಸಂಸ್ಥೆ) ಹಾಕಿದ್ದೇ ಕಟ್ಟಳೆ. ಅಲ್ಲಿ ದಿನಗಳ ಲೆಕ್ಕವೂ ಬೇರೆ.

ಪ್ರಶ್ನೆ: ನಮ್ಮ ಡಾಟ್ ಕಾಮ್ ಹೆಸರಿನ ವಾಯಿದೆ ಮುಗಿದು 12 ದಿನವಾಯಿತು. ಸೈಟ್ ಜಾಗದಲ್ಲಿ ಜಾಹೀರಾತು ಪುಟ ಬರುತ್ತಿದೆ. ಆದರೆ ಹುಡುಕಿ ನೋಡಿದರೆ ವಾಯಿದೆ ಮುಂದಿನ ವರ್ಷದವರೆಗೂ ಇದೆ ಎಂದು ತೋರಿಸುತ್ತಿದೆ. ರಿನ್ಯೂ ಆಗಿದೆಯೋ ಇಲ್ಲವೋ?

ಆಗಿಲ್ಲ. ತಡಮಾಡದೆ ಇವತ್ತೇ ಹಣ ಕಟ್ಟಿ.

ಆ ದಿನಾಂಕ ಬಹಳ ಜನರ ದಾರಿ ತಪ್ಪಿಸುತ್ತದೆ. ಡಾಟ್ ಕಾಮ್ ರಿಜಿಸ್ಟ್ರಿ ವೆರಿಸೈನ್. ವಾಯಿದೆ ಮುಗಿದ ಕೂಡಲೇ ಅದು ಪ್ರತಿ ಹೆಸರಿಗೂ ತಾನಾಗಿಯೇ ಒಂದು ವರ್ಷ ಸೇರಿಸಿ, ಶುಲ್ಕವನ್ನು ನಿಮ್ಮ ರಿಜಿಸ್ಟ್ರಾರ್‌ನ ಖಾತೆಯಿಂದ ಹಿಡಿದುಕೊಳ್ಳುತ್ತದೆ. ಅಲ್ಲಿಂದ 45 ದಿನದೊಳಗೆ ರಿಜಿಸ್ಟ್ರಾರ್ ಹೆಸರನ್ನು ಅಳಿಸಿದರೆ ಆ ಹಣ ಅವರಿಗೆ ವಾಪಸ್. ನೀವು ನೋಡಿದ ‘ಮುಂದಿನ ವರ್ಷ’ ರಿಜಿಸ್ಟ್ರಿ ಮತ್ತು ರಿಜಿಸ್ಟ್ರಾರ್ ನಡುವಿನ ಈ ಲೆಕ್ಕದ್ದು. ನಿಮ್ಮ ಹಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ಐಕ್ಯಾನ್‌ನ ಲುಕಪ್ ಪುಟದಲ್ಲಿ ಹೆಸರು ಹಾಕಿ, ದಿನಾಂಕದ ಬದಲು ‘ಸ್ಟೇಟಸ್’ ಸಾಲುಗಳನ್ನು ಓದಿ. ‘ಆಟೋ ರಿನ್ಯೂ ಪೀರಿಯಡ್’ ಎಂದಿದ್ದರೆ ನೀವು ಈ 45 ದಿನಗಳ ಒಳಗಿದ್ದೀರಿ. ‘ರಿಡೆಂಪ್ಷನ್ ಪೀರಿಯಡ್’ ಎಂದಿದ್ದರೆ ಹೆಸರು ಅಳಿಸಿಹೋಗಿದೆ, ಆದರೆ 30 ದಿನಗಳವರೆಗೆ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ‘ಪೆಂಡಿಂಗ್ ಡಿಲೀಟ್’ ಎಂದು ಮಾತ್ರ ಇದ್ದು, ಜತೆಗೆ ‘ರಿಡೆಂಪ್ಷನ್ ಪೀರಿಯಡ್’ ಇಲ್ಲದಿದ್ದರೆ ಯಾರ ಕೈಯಲ್ಲೂ ಏನೂ ಇಲ್ಲ. 5 ದಿನ ಕಳೆದ ಮೇಲೆ ಹೆಸರು ಎಲ್ಲರಿಗೂ ಮುಕ್ತ.

ಜಾಹೀರಾತು ಪುಟದ ವಿಷಯ. ವಾಯಿದೆ ಮುಗಿದ ಹೆಸರಿನ ಸಂಚಾರವನ್ನು ರಿಜಿಸ್ಟ್ರಾರ್ ತನ್ನ ಪುಟಕ್ಕೆ ತಿರುಗಿಸಿದರೆ, ಈ ಹೆಸರಿನ ವಾಯಿದೆ ಮುಗಿದಿದೆ ಎಂಬುದನ್ನೂ ಬಿಡಿಸಿಕೊಳ್ಳುವುದು ಹೇಗೆಂಬುದನ್ನೂ ಆ ಪುಟದಲ್ಲಿ ಹೇಳಲೇಬೇಕು. 2013ರ ಆಗಸ್ಟ್ 31ರಿಂದ ಜಾರಿಯಲ್ಲಿರುವ ಐಕ್ಯಾನ್‌ನ ‘ವಾಯಿದೆ ಮುಗಿದ ನೋಂದಣಿ ಮರಳಿ ಪಡೆಯುವ ನೀತಿ’ಯಲ್ಲಿ ಇದು ಸ್ಪಷ್ಟವಾಗಿದೆ. ಬರೀ ಜಾಹೀರಾತಿದ್ದು ಈ ಮಾತು ಎಲ್ಲೂ ಇಲ್ಲದಿದ್ದರೆ ಅದು ನಿಯಮಭಂಗ. ದಿನಾಂಕ ಕಾಣುವಂತೆ ಚಿತ್ರ ತೆಗೆದಿಟ್ಟುಕೊಳ್ಳಿ.

ಹಣ ಕಟ್ಟಿದ ಮೇಲೂ ಕೆಲವರಿಗೆ ಹಳೆಯ ಪುಟವೇ ಕಾಣುತ್ತಿದ್ದರೆ ಗಾಬರಿ ಬೇಡ. ಡಾಟ್ ಕಾಮ್ ಮಟ್ಟದಲ್ಲಿ ನೇಮ್‌ಸರ್ವರ್ (ಹೆಸರು ಯಾವ ಸೈಟಿಗೆ ಹೋಗಬೇಕೆಂದು ಹೇಳುವ ಸರ್ವರ್) ದಾಖಲೆಯನ್ನು 48 ಗಂಟೆಯವರೆಗೆ ನೆನಪಿಟ್ಟುಕೊಳ್ಳಲು ಇಂಟರ್ನೆಟ್ ಸೇವೆ ಕೊಡುವವರಿಗೆ ಅವಕಾಶವಿದೆ. ಎರಡು ದಿನ ದಾಟಿದರೂ ಸರಿಹೋಗದಿದ್ದರೆ, ಖಾತೆಗೆ ಹೋಗಿ ನೇಮ್‌ಸರ್ವರ್ ಸಾಲುಗಳು ನಿಮ್ಮವೇನಾ ಎಂದು ನೋಡಿ. ಕೆಲವೊಮ್ಮೆ ಜಾಹೀರಾತು ಪುಟ ತೋರಿಸುವ, ರಿಜಿಸ್ಟ್ರಾರ್‌ನ ಪಾರ್ಕಿಂಗ್ ನೇಮ್‌ಸರ್ವರ್‌ಗಳೇ ಅಲ್ಲಿ ಉಳಿದುಬಿಟ್ಟಿರುತ್ತವೆ.

ಪ್ರಶ್ನೆ: ವಾಯಿದೆ ಮುಗಿದ 38ನೇ ದಿನ ಕಟ್ಟಲು ಹೋದರೆ, ಹೆಸರನ್ನು ಹರಾಜಿನಲ್ಲಿ ಬೇರೆಯವರಿಗೆ ಕೊಟ್ಟಾಗಿದೆ ಎಂದರು. 30 ದಿನಗಳ ರಿಡೆಂಪ್ಷನ್ ಅವಧಿ ಎಲ್ಲರಿಗೂ ಸಿಗುತ್ತದೆ ಎಂದುಕೊಂಡಿದ್ದೆ. ಇದು ಕಾನೂನುಬದ್ಧವೇ? ನ್ಯಾಯವೇ?

ಎರಡನ್ನೂ ಬೇರೆಬೇರೆಯಾಗಿ ನೋಡಬೇಕು.

ಮೊದಲು ನಿಯಮ. 30 ದಿನಗಳ ರಿಡೆಂಪ್ಷನ್ ಅವಧಿ ಶುರುವಾಗುವುದು ಹೆಸರು ರಿಜಿಸ್ಟ್ರಿಯಲ್ಲಿ ಅಳಿಸಿಹೋದಾಗ ಮಾತ್ರ. ನಿಮ್ಮ ಹೆಸರು ಅಳಿಸಿಯೇ ಇಲ್ಲ. ಅದೇ ನೋಂದಣಿಯನ್ನು, ಹಳೆಯ ಸೃಷ್ಟಿ ದಿನಾಂಕದ ಸಮೇತ, ಹರಾಜು ಗೆದ್ದವರ ಹೆಸರಿಗೆ ಬದಲಾಯಿಸಿದ್ದಾರೆ. ಹಾಗಾಗಿ ರಿಡೆಂಪ್ಷನ್ ಎಂಬ ಬಾಗಿಲು ನಿಮಗೆ ತೆರೆಯಲೇ ಇಲ್ಲ. ಹೀಗೆ ಮಾಡುವ ಅಧಿಕಾರವನ್ನು ರಿಜಿಸ್ಟ್ರಾರ್ ಪಡೆದಿರುವುದು ನೀವು ಹೆಸರು ಕೊಳ್ಳುವಾಗ ‘ಒಪ್ಪಿದ್ದೇನೆ’ ಎಂದು ಒತ್ತಿದ ಕರಾರಿನಿಂದ.

ಹರಾಜನ್ನು ಅಳಿಸುವ ಮೊದಲೇ ಮುಗಿಸುವುದಕ್ಕೆ ಕಾರಣವಿದೆ. ರಿಡೆಂಪ್ಷನ್‌ನಲ್ಲಿರುವ ಹೆಸರನ್ನು ಮರಳಿ ತರಬೇಕಾದರೆ ರಿಜಿಸ್ಟ್ರಾರ್ ರಿಜಿಸ್ಟ್ರಿಗೆ ವರದಿ ಕೊಡಬೇಕು. ತನಗಾಗಲಿ ಮೂರನೆಯವರಿಗಾಗಲಿ ಬಳಸುವ, ಮಾರುವ ಹಕ್ಕು ಪಡೆಯಲೆಂದು ಇದನ್ನು ಮರಳಿ ತಂದಿಲ್ಲ ಎಂಬ ಹೇಳಿಕೆ ಆ ವರದಿಯಲ್ಲಿರಬೇಕು. ಅಂದರೆ ಅಳಿಸಿದ ಮೇಲೆ ಮಾರಾಟದ ದಾರಿ ಮುಚ್ಚಿಹೋಗುತ್ತದೆ. ಮೊದಲ 45 ದಿನಗಳಲ್ಲಿ ಅಂಥ ತಡೆಯಿಲ್ಲ. ವ್ಯಾಪಾರವೆಲ್ಲ ಆ ಸಂದಿಯಲ್ಲಿ ನಡೆಯುತ್ತದೆ.

ನಿಮಗೆ ಖಚಿತವಾಗಿ ಸಿಗಬೇಕಾದದ್ದು ಎಷ್ಟು? ನೀತಿಯ ಪ್ರಕಾರ, ವಾಯಿದೆಗೆ ಸುಮಾರು ಒಂದು ತಿಂಗಳ ಮೊದಲು ಒಂದು ಸೂಚನೆ (26ರಿಂದ 35 ದಿನಗಳ ನಡುವೆ), ಸುಮಾರು ಒಂದು ವಾರದ ಮೊದಲು ಇನ್ನೊಂದು (4ರಿಂದ 10 ದಿನಗಳ ನಡುವೆ), ವಾಯಿದೆ ಮುಗಿದು 5 ದಿನದೊಳಗೆ ಮೂರನೆಯದು. ಈ ಸೂಚನೆಗಳು ನೀವು ಏನೂ ಮಾಡದೆಯೇ ನಿಮ್ಮನ್ನು ತಲುಪುವಂತಿರಬೇಕು. ಖಾತೆಗೆ ಲಾಗಿನ್ ಆದರೆ ಮಾತ್ರ ಕಾಣುವ ಸಂದೇಶ ಸಾಲದು. ಜತೆಗೆ, ವಾಯಿದೆ ಮುಗಿದು ಎಂಟು ದಿನ ಅಥವಾ ಅದಕ್ಕಿಂತ ತಡವಾಗಿ ಅಳಿಸುವ ಹೆಸರುಗಳಲ್ಲಿ, ಮಾಲೀಕರು ಇನ್ನೂ ರಿನ್ಯೂ ಮಾಡಬಹುದಾದ ಅವಧಿಯ ಕೊನೆಯ ಎಂಟು ದಿನಗಳಾದರೂ ಸತತವಾಗಿ ಸೈಟ್ ಮತ್ತು ಇಮೇಲ್‌ನ ಹಳೆಯ ದಾರಿ ಕಡಿದಿರಬೇಕು. ಪತ್ರ ಓದದವರಿಗೂ ಸೈಟ್ ನಿಂತಾಗ ಗೊತ್ತಾಗಲಿ ಎಂಬುದೇ ಇದರ ಉದ್ದೇಶ. ಆ ಎಂಟು ದಿನ ಮುಗಿಯುವವರೆಗೆ ರಿನ್ಯೂ ಮಾಡಲು ಬಿಡಲೇಬೇಕು. ರಿಜಿಸ್ಟ್ರಾರ್ ನಡುವೆ ದಾಖಲೆಯಲ್ಲಿ ಮಾಲೀಕರ ಹೆಸರನ್ನು ತನ್ನದಕ್ಕೆ ಬದಲಾಯಿಸಿಕೊಂಡರೂ ಈ ಹಕ್ಕು ವಾಯಿದೆ ಮುಗಿಯುವ ಗಳಿಗೆಯಲ್ಲಿ ಮಾಲೀಕರಾಗಿದ್ದವರಿಗೇ ಸೇರಿದ್ದು. ಅದರಾಚೆಗಿನ ದಿನಗಳೆಲ್ಲ ರಿಜಿಸ್ಟ್ರಾರ್‌ನ ಮರ್ಜಿ.

ಆದ್ದರಿಂದ ನೀವು ಪರೀಕ್ಷಿಸಬೇಕಾದ್ದು ನಾಲ್ಕು ಸಂಗತಿ: ಮೂರು ಸೂಚನೆಗಳು ಬಂದವೇ (ಯಾವ ವಿಳಾಸಕ್ಕೆ, ಯಾವ ದಿನ), ಸೈಟ್ ಎಂಟು ದಿನ ನಿಂತಿತ್ತೇ, ಆ ಎಂಟು ದಿನಗಳಲ್ಲಿ ರಿನ್ಯೂ ಗುಂಡಿ ಕೆಲಸ ಮಾಡುತ್ತಿತ್ತೇ, ಅವರದೇ ಹಣ ಪಾವತಿ ವ್ಯವಸ್ಥೆ ಕೈಕೊಟ್ಟಿತ್ತೇ. ರಿಜಿಸ್ಟ್ರಾರ್‌ನ ರಿನ್ಯೂ ವ್ಯವಸ್ಥೆಯ ವೈಫಲ್ಯ, ಬಿಲ್ಲಿನ ತಕರಾರು, ನ್ಯಾಯಾಲಯದ ಆದೇಶ, ಮಾಲೀಕರ ದಿವಾಳಿ ಪ್ರಕ್ರಿಯೆ, ಇವೆಲ್ಲ ಹೆಸರನ್ನು ರದ್ದು ಮಾಡದೆ ಉಳಿಸಿಕೊಳ್ಳಬಹುದಾದ ವಿಶೇಷ ಸಂದರ್ಭಗಳೆಂದು ಐಕ್ಯಾನ್ ಜತೆಗಿನ ರಿಜಿಸ್ಟ್ರಾರ್ ಕರಾರಿನಲ್ಲೇ ಇವೆ. ಹೀಗೇನಾದರೂ ಇದ್ದರೆ ಆ ಷರತ್ತನ್ನು ಹೆಸರಿಸಿಯೇ ರಿಜಿಸ್ಟ್ರಾರ್‌ಗೆ ಬರೆಯಿರಿ. ಉತ್ತರ ಬರದಿದ್ದರೆ ಐಕ್ಯಾನ್‌ನ ಅನುಪಾಲನಾ ವಿಭಾಗಕ್ಕೆ ದೂರು ಕೊಡಿ. ನವೀಕರಣ ಮತ್ತು ರಿಡೆಂಪ್ಷನ್‌ಗೆಂದೇ ಪ್ರತ್ಯೇಕ ಫಾರ್ಮ್ ಇದೆ. ಆ ವಿಭಾಗ ರಿಜಿಸ್ಟ್ರಾರ್ ನಿಯಮ ಪಾಲಿಸುವಂತೆ ನೋಡಿಕೊಳ್ಳುತ್ತದೆಯೇ ಹೊರತು ನಿಮಗೆ ನಷ್ಟ ಕಟ್ಟಿಕೊಡುವ ನ್ಯಾಯಾಲಯವಲ್ಲ.

ಇನ್ನು ನ್ಯಾಯದ ಮಾತು. ಇಲ್ಲಿ ನಮ್ಮ ಅಭಿಪ್ರಾಯ ಖಡಾಖಂಡಿತ: ಹೆಸರನ್ನು ಉಳಿಸಿಕೊಡಬೇಕಾದವರೇ ಅದು ಕೈತಪ್ಪಿದಾಗ ಹೆಚ್ಚು ಗಳಿಸುವ ವ್ಯವಸ್ಥೆ ಸರಿಯಲ್ಲ. ರಿನ್ಯೂ ಆದರೆ ಅವರಿಗೆ ಒಂದು ವರ್ಷದ ಸಣ್ಣ ಲಾಭ. ಆಗದೆ ಹರಾಜಾದರೆ ಅದರ ಎಷ್ಟೋ ಪಟ್ಟು. ಬೆಲೆಬಾಳುವ ಹೆಸರಾದಷ್ಟೂ ಮಾಲೀಕರನ್ನು ಹುಡುಕಿ ಎಚ್ಚರಿಸುವ ಉಮೇದು ಕುಗ್ಗುತ್ತದೆ. ಎಲ್ಲರೂ ಕೆಟ್ಟ ಬುದ್ಧಿಯಿಂದ ನಡೆದುಕೊಳ್ಳುತ್ತಾರೆ ಎಂದು ಇದರರ್ಥವಲ್ಲ. ಆದರೆ ಹಿತಾಸಕ್ತಿಯ ಘರ್ಷಣೆ ಇರುವ ಕಡೆ ಒಳ್ಳೆಯತನವೊಂದನ್ನೇ ನಂಬಿ ಕೂರಬಾರದು, ಕಟ್ಟುನಿಟ್ಟಾದ ಗೆರೆ ಬೇಕು. ರಿಜಿಸ್ಟ್ರಾರ್‌ಗಳು ಹೆಸರುಗಳನ್ನು ತಾವೇ ಕೂಡಿಟ್ಟುಕೊಳ್ಳುವುದರ, ಸಟ್ಟಾ ವ್ಯಾಪಾರ ಮಾಡುವುದರ ಮೇಲೆ ಐಕ್ಯಾನ್ ಯಾವುದೇ ನಿರ್ಬಂಧ ತಂದರೂ ಅದಕ್ಕೆ ಬದ್ಧರು ಎಂದು 2013ರ ಕರಾರಿನ 3.7.9ನೇ ಷರತ್ತು ಹೇಳುತ್ತದೆ. ಅಂಥ ನೀತಿಯನ್ನು ಮಾತ್ರ ಇದುವರೆಗೆ ರೂಪಿಸಿಲ್ಲ. ಷರತ್ತು ಇದೆ, ಅದರೊಳಗೆ ತುಂಬಬೇಕಾದ ನಿಯಮವಿಲ್ಲ. ಮಾಲೀಕರ ಹಕ್ಕು ಪೂರ್ತಿ ಮುಗಿಯುವ ತನಕ ಹರಾಜಿಗಿಡಬಾರದು, ಹರಾಜಿನ ಹಣದಲ್ಲಿ ಹಳೆಯ ಮಾಲೀಕರಿಗೂ ಪಾಲಿರಬೇಕು ಎಂಬ ಎರಡೇ ಸಾಲು ಅಲ್ಲಿ ಬಂದರೂ ನಿಮ್ಮಂಥವರಿಗೆ ಇಷ್ಟು ಅನ್ಯಾಯವಾಗುತ್ತಿರಲಿಲ್ಲ.

ಪ್ರಶ್ನೆ: ರಿಡೆಂಪ್ಷನ್ ಶುಲ್ಕ ರಿನ್ಯೂ ಶುಲ್ಕದ ಎಷ್ಟೋ ಪಟ್ಟು ಇದೆ. ಚೌಕಾಸಿ ಸಾಧ್ಯವೇ?

ಡಾಟ್ ಕಾಮ್ ಹೆಸರಿಗೆ ಇದಕ್ಕಾಗಿ ರಿಜಿಸ್ಟ್ರಿ ರಿಜಿಸ್ಟ್ರಾರ್‌ನಿಂದ ಪಡೆಯುವುದು 40 ಡಾಲರ್, ಜತೆಗೆ ಒಂದು ವರ್ಷದ ನವೀಕರಣ. ಅದರ ಮೇಲಿನದೆಲ್ಲ ರಿಜಿಸ್ಟ್ರಾರ್ ಸೇರಿಸಿದ್ದು. ಕೆಲಸವೂ ಸ್ವಲ್ಪ ಇದೆ ನಿಜ: ಮರಳಿಸುವ ಆಜ್ಞೆ ಕೊಟ್ಟು, 7 ದಿನದೊಳಗೆ ಮೇಲೆ ಹೇಳಿದ ವರದಿ ಸಲ್ಲಿಸಬೇಕು, ತಪ್ಪಿದರೆ ಹೆಸರು ಮತ್ತೆ ರಿಡೆಂಪ್ಷನ್‌ಗೆ ಜಾರುತ್ತದೆ. ಈ ಹಂತದಲ್ಲಿ ಬೇರೆ ರಿಜಿಸ್ಟ್ರಾರ್‌ಗೆ ಹೋಗಲು ಬರುವುದಿಲ್ಲ, ಅಳಿಸಿದವರೇ ಮರಳಿಸಬೇಕು. ಗಿರಾಕಿಗೆ ಬೇರೆ ದಾರಿಯಿಲ್ಲದ ಈ ಸ್ಥಿತಿಯಲ್ಲೇ ಶುಲ್ಕ ಏರುವುದು. ಕೇಳಿ ನೋಡುವುದರಲ್ಲಿ ತಪ್ಪಿಲ್ಲ. ಆದರೆ ಕೇಳುವ ಮೊದಲು ಅವರ ಜಾಲತಾಣದಲ್ಲಿ ಪ್ರಕಟಿಸಿರುವ ದರ ನೋಡಿ. ನವೀಕರಣ, ವಾಯಿದೆ ನಂತರದ ನವೀಕರಣ, ರಿಡೆಂಪ್ಷನ್, ಮೂರರ ಶುಲ್ಕವನ್ನೂ ಪ್ರಕಟಿಸುವುದು ಕಡ್ಡಾಯ. ಅಲ್ಲಿಗಿಂತ ಹೆಚ್ಚು ಕೇಳಿದ್ದರೆ ನಿಮ್ಮ ವಾದ ಗಟ್ಟಿ.

ಪ್ರಶ್ನೆ: ವಾಯಿದೆ ಮುಗಿದ ಹೆಸರನ್ನು ಬೇರೆ ರಿಜಿಸ್ಟ್ರಾರ್‌ಗೆ ವರ್ಗಾಯಿಸಲು ಬಿಡುತ್ತಿಲ್ಲ. ‘ಮೊದಲು ಇಲ್ಲಿ ರಿನ್ಯೂ ಮಾಡಿ’ ಎನ್ನುತ್ತಾರೆ.

ಹಾಗೆನ್ನುವಂತಿಲ್ಲ. ಮುಂದಿನ ಅವಧಿಯ ಹಣ ಬಂದಿಲ್ಲ ಎಂಬುದು ವರ್ಗಾವಣೆ ತಡೆಯಲು ಕಾರಣವಾಗದು. ಮುಗಿದುಹೋದ ಅವಧಿಯ ಹಣ ಬಾಕಿಯಿದ್ದರೆ, ಅಥವಾ ಕಾರ್ಡ್ ಪಾವತಿಯನ್ನು ನೀವು ವಾಪಸ್ ಪಡೆದಿದ್ದರೆ ಮಾತ್ರ ಹಣದ ಕಾರಣಕ್ಕೆ ತಡೆಯಬಹುದು. ಹೆಸರು ಇನ್ನೂ ‘ಆಟೋ ರಿನ್ಯೂ ಪೀರಿಯಡ್’ನಲ್ಲಿದ್ದಾಗ ವರ್ಗಾವಣೆ ತಡೆಯುವ ಲಾಕ್ ತೆಗೆಯಲು, ವರ್ಗಾವಣೆಗೆ ಬೇಕಾದ ಗುಪ್ತ ಸಂಕೇತವಾದ ಆಥ್ ಕೋಡ್ ಕೊಡಲು ಲಿಖಿತವಾಗಿ ಕೇಳಿ. 5 ದಿನದೊಳಗೆ ಎರಡೂ ಆಗಬೇಕು. ಹೊಸ ಕಡೆ ಕೋಡ್ ಹಾಕಿದ ಮೇಲೆ ಹಳೆಯವರ ಒಪ್ಪಿಗೆಗೆ ಇನ್ನೊಂದು 5 ದಿನ ಹಿಡಿಯಬಹುದು. ಒಟ್ಟು ಹತ್ತು ದಿನ ಎಂದು ಲೆಕ್ಕ ಹಾಕಿ. ಹರಾಜಿನ ದಿನ ಅದಕ್ಕಿಂತ ಹತ್ತಿರವಿದ್ದರೆ ಹಟ ಬೇಡ, ಅಲ್ಲೇ ರಿನ್ಯೂ ಮಾಡಿ.

ಒಂದು ಬಲೆ ಇದೆ. ವಾಯಿದೆ ಮುಗಿದ ಮೇಲೆ ಹಳೆಯ ರಿಜಿಸ್ಟ್ರಾರ್ ಬಳಿ ರಿನ್ಯೂ ಮಾಡಿ, ಆ 45 ದಿನಗಳ ಒಳಗೇ ಬೇರೆಡೆಗೆ ವರ್ಗಾಯಿಸಿದರೆ ಮೊದಲು ಸೇರಿದ್ದ ವರ್ಷ ರದ್ದಾಗುತ್ತದೆ. ವರ್ಗಾವಣೆಯಿಂದ ಬರುವ ಒಂದೇ ವರ್ಷ ಉಳಿಯುತ್ತದೆ. ರಿಜಿಸ್ಟ್ರಿ ಆ ಶುಲ್ಕವನ್ನು ಹಳೆಯ ರಿಜಿಸ್ಟ್ರಾರ್‌ಗೆ ಮರಳಿಸುತ್ತದೆ, ಅವರು ನಿಮಗೆ ಮರಳಿಸದಿದ್ದರೆ ನೀವು ಎರಡು ವರ್ಷದ ಹಣ ಕೊಟ್ಟು ಒಂದು ವರ್ಷ ಕೊಂಡಂತೆ. 45 ದಿನ ಕಳೆಯಲಿ, ಆಮೇಲೆ ವರ್ಗಾಯಿಸಿ.

ಪ್ರಶ್ನೆ: ಸೂಚನೆಗಳೆಲ್ಲ ಸೈಟ್ ಮಾಡಿಕೊಟ್ಟವರ ಇಮೇಲ್‌ಗೆ ಹೋಗಿವೆ. ತಪ್ಪು ರಿಜಿಸ್ಟ್ರಾರ್‌ನದೋ ನಮ್ಮದೋ?

ದಾಖಲೆಯಲ್ಲಿರುವ ವಿಳಾಸಕ್ಕೆ ಕಳಿಸಿದ್ದರೆ ರಿಜಿಸ್ಟ್ರಾರ್ ತನ್ನ ಪಾಲಿನದು ಮಾಡಿದಂತೆ. ಇಂಥಲ್ಲಿ ನೀತಿ ನಿಮಗೆ ನೆರವಾಗುವುದು ಕಡಿಮೆ. ಸೈಟ್ ಮಾಡಿಕೊಟ್ಟವರು ತಮ್ಮ ಹೆಸರಲ್ಲೇ ನೋಂದಾಯಿಸಿದ್ದರೆ ಐಕ್ಯಾನ್ ಕಣ್ಣಿಗೆ ಮಾಲೀಕರು ಅವರೇ, ಹಣ ಯಾರದಾದರೂ ಸರಿ.

ಆದ್ದರಿಂದ ನೋಂದಣಿದಾರರ ಜಾಗದಲ್ಲಿ ನಿಮ್ಮ ಅಥವಾ ನಿಮ್ಮ ಸಂಸ್ಥೆಯ ಹೆಸರಿರಲಿ. ಕೆಲಸ ಮಾಡಿಕೊಡುವವರನ್ನು ತಾಂತ್ರಿಕ ಸಂಪರ್ಕಕ್ಕೆ ಮಾತ್ರ ಸೇರಿಸಿ. ಸಂಪರ್ಕದ ಇಮೇಲ್ ಅದೇ ಡೊಮೇನ್‌ನದಾಗಿರಬಾರದು: ಡೊಮೇನ್ ನಿಂತರೆ ಅಂಚೆಯೂ ನಿಲ್ಲುತ್ತದೆ, ವಾಯಿದೆಯ ನಂತರದ ಸೂಚನೆ ಎಲ್ಲಿಗೂ ತಲುಪದು. ಆಟೋ ರಿನ್ಯೂ ಹಾಕಿದ್ದೇವೆ ಎಂದು ನಿಶ್ಚಿಂತರಾಗುವವರು ಹೆಚ್ಚಾಗಿ ಸಿಕ್ಕಿಬೀಳುವುದು ಕಾರ್ಡಿನ ವಾಯಿದೆ ಮುಗಿದಾಗ, ಅಥವಾ ಬ್ಯಾಂಕ್ ಹೆಚ್ಚುವರಿ ದೃಢೀಕರಣ ಕೇಳಿದಾಗ. ವರ್ಷಕ್ಕೊಮ್ಮೆ, ವಾಯಿದೆಗೆ ಎರಡು ತಿಂಗಳ ಮೊದಲೇ ಕೈಯಾರೆ ಕಟ್ಟುವುದು ಎಲ್ಲಕ್ಕಿಂತ ಭದ್ರ. ಮುಖ್ಯ ಹೆಸರನ್ನು ಒಟ್ಟಿಗೇ ಹಲವು ವರ್ಷಕ್ಕೆ ಕಟ್ಟಬಹುದು, ಗರಿಷ್ಠ 10 ವರ್ಷ. ದೊಡ್ಡ ಸಂಸ್ಥೆಗಳಿಗೂ ಈ ಮರೆವು ತಪ್ಪಿದ್ದಲ್ಲ. 1999ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಪಾಸ್‌ಪೋರ್ಟ್ ಡಾಟ್ ಕಾಮ್ ಹೆಸರಿನ ಹಣ ಕಟ್ಟದೆ ಹಾಟ್‌ಮೇಲ್ ಬಳಕೆದಾರರಿಗೆ ಲಾಗಿನ್ ಆಗದಂತಾದಾಗ, ಹೊರಗಿನ ಪ್ರೋಗ್ರಾಮರ್ ಒಬ್ಬರು ತಮ್ಮ ಕಾರ್ಡಿನಿಂದ 35 ಡಾಲರ್ ಕಟ್ಟಿ ಸರಿಪಡಿಸಿದ್ದರು.

ಪ್ರಶ್ನೆ: ಒಂದು ಹೆಸರು ಸಿಗುತ್ತದೆಯೇ ಎಂದು ಹುಡುಕಿದೆ, ಮರುದಿನವೇ ಹೋಗಿಬಿಟ್ಟಿತ್ತು. ರಿಜಿಸ್ಟ್ರಾರ್ ಕದ್ದರೇ?

ಸಾಬೀತು ಕಷ್ಟ, ಕಾಕತಾಳೀಯವೂ ಇರಬಹುದು. ಆದರೆ ಸಂಶಯಕ್ಕೆ ಇತಿಹಾಸವಿದೆ. 2008ರ ಆರಂಭದಲ್ಲಿ ನೆಟ್‌ವರ್ಕ್ ಸೊಲ್ಯೂಷನ್ಸ್ ಸಂಸ್ಥೆ ಗಿರಾಕಿಗಳು ಹುಡುಕಿದ ಹೆಸರುಗಳನ್ನು ತಾನೇ ನಾಲ್ಕು ದಿನ ಕಾದಿರಿಸಿಕೊಳ್ಳುತ್ತಿದ್ದುದು ಬಹಿರಂಗವಾಗಿ ದೊಡ್ಡ ಗಲಾಟೆಯಾಗಿತ್ತು. ನೋಂದಾಯಿಸಿ 5 ದಿನದೊಳಗೆ ಅಳಿಸಿದರೆ ಪೂರ್ತಿ ಹಣ ವಾಪಸ್ ಎಂಬ ನಿಯಮ ಆಗ ಇದಕ್ಕೆ ಅನುಕೂಲವಾಗಿತ್ತು. 2009ರಲ್ಲಿ ಐಕ್ಯಾನ್ ಆ ವಾಪಸಾತಿಗೆ ಮಿತಿ ಹಾಕಿತು: ತಿಂಗಳ ಹೊಸ ನೋಂದಣಿಯ ಶೇ. 10 ಅಥವಾ 50 ಹೆಸರು, ಯಾವುದು ಹೆಚ್ಚೋ ಅಷ್ಟು. ಪುಕ್ಕಟೆ ರುಚಿ ನೋಡುವ ವ್ಯಾಪಾರ ಅಲ್ಲಿಗೆ ಕುಸಿಯಿತು. ಈಗಲೂ ಬೇಕೆನಿಸಿದ ಹೆಸರನ್ನು ಕಂಡಕಂಡ ಸೈಟ್‌ಗಳಲ್ಲಿ ಹುಡುಕುತ್ತ ಕೂರದೆ, ಕಂಡ ಕೂಡಲೇ ಕೊಳ್ಳಿ.

ಪ್ರಶ್ನೆ: ಹರಾಜಿನಲ್ಲಿ ವಾಯಿದೆ ಮುಗಿದ ಹೆಸರು ಕೊಳ್ಳುವುದು ತಪ್ಪೇ? ಏನು ನೋಡಿಕೊಳ್ಳಬೇಕು?

ಮಾಲೀಕರು ತಿಳಿದೇ ಬಿಟ್ಟ ಹೆಸರನ್ನು ಕೊಳ್ಳುವುದರಲ್ಲಿ ತಪ್ಪಿಲ್ಲ. ಮರೆತು ಕಳೆದುಕೊಂಡದ್ದನ್ನು ಅವರಿಗೇ ಹತ್ತು ಪಟ್ಟಿಗೆ ಮಾರಲು ಕೊಳ್ಳುವುದನ್ನು ನಾವು ಒಪ್ಪುವುದಿಲ್ಲ. ಅದು ಟ್ರೇಡ್‌ಮಾರ್ಕ್ ಹೆಸರಾದರೆ, 1999ರಿಂದ ಇರುವ ಐಕ್ಯಾನ್‌ನ ವಿವಾದ ಪರಿಹಾರ ಪ್ರಕ್ರಿಯೆಯಲ್ಲಿ ಕೈಬಿಟ್ಟೂ ಹೋಗಬಹುದು. ಹೆಸರಿನ ಹಳೆಯ ಪುಟಗಳನ್ನು ಇಂಟರ್ನೆಟ್ ಆರ್ಕೈವ್‌ನಲ್ಲಿ ನೋಡಿ. ಆಸ್ಪತ್ರೆ, ಶಾಲೆ, ಸೇವಾಸಂಸ್ಥೆಯ ಹೆಸರಾಗಿದ್ದು ಸಂಸ್ಥೆ ಇನ್ನೂ ನಡೆಯುತ್ತಿದ್ದರೆ ಬಿಡ್ ಮಾಡುವ ಮೊದಲು ಅವರಿಗೊಂದು ಕರೆ ಮಾಡಿ. ಕೊಂಡ ಮೇಲೆ ಆ ಹೆಸರಿನ ಎಲ್ಲ ವಿಳಾಸಗಳ ಅಂಚೆಯನ್ನೂ ಒಂದೇ ಪೆಟ್ಟಿಗೆಗೆ ಸೆಳೆಯುವ ವ್ಯವಸ್ಥೆ ಹಾಕಬೇಡಿ. ಬೇರೆಯವರ ಪಾಸ್‌ವರ್ಡ್ ಕೊಂಡಿಗಳು, ಖಾಸಗಿ ಪತ್ರಗಳು ಅಲ್ಲಿಗೆ ಬಂದು ಬೀಳುತ್ತವೆ.

ಹರಾಜು ಕಟ್ಟೆಯ ನಿಯಮದಲ್ಲಿ ರಿಜಿಸ್ಟ್ರಾರ್, ಅದರ ಸಿಬ್ಬಂದಿ, ಸೋದರ ಕಂಪನಿಗಳು ಬಿಡ್ ಮಾಡಬಹುದೇ ಎಂಬುದನ್ನು ಓದಿ. 2009ರ ನವೆಂಬರ್‌ನಲ್ಲಿ ಸ್ನ್ಯಾಪ್‌ನೇಮ್ಸ್ ಎಂಬ ಹರಾಜು ಸಂಸ್ಥೆ, ತನ್ನ ಉದ್ಯೋಗಿಯೊಬ್ಬರು 2005ರಿಂದ ಬೇರೆ ಹೆಸರಿನಲ್ಲಿ ಬಿಡ್ ಮಾಡುತ್ತಿದ್ದರೆಂದು ತಾನೇ ಪ್ರಕಟಿಸಿ, ಬೆಲೆ ಏರಿಕೆಯಿಂದ ನಷ್ಟವಾದವರಿಗೆ ಬಡ್ಡಿ ಸಹಿತ ಹಣ ಮರಳಿಸಲು ಮುಂದಾಗಿತ್ತು. ಒಳಗಿನವರಿಗೆ ಯಾರ ಗರಿಷ್ಠ ಬಿಡ್ ಎಷ್ಟು ಎಂಬುದು ಕಾಣುತ್ತದೆ. ಆದ್ದರಿಂದ ಬೆಲೆಯ ಮಿತಿಯನ್ನು ಮೊದಲೇ ನಿರ್ಧರಿಸಿ, ಅದನ್ನು ಪೂರ್ತಿ ವ್ಯವಸ್ಥೆಗೆ ಒಪ್ಪಿಸದೆ ಹಂತಹಂತವಾಗಿ ಏರಿಸಿ.

ಪ್ರಶ್ನೆ: ನಮ್ಮ ಸಂಘ ಮುಚ್ಚುತ್ತಿದ್ದೇವೆ. ಡೊಮೇನ್ ಹೆಸರನ್ನು ಸುಮ್ಮನೆ ಬಿಟ್ಟುಬಿಡಬಹುದೇ?

ಕೂಡಲೇ ಬೇಡ. ಹೊಸ ಮಾಲೀಕರು ಹಳೆಯ ಇಮೇಲ್ ವಿಳಾಸವನ್ನು ಮತ್ತೆ ಸೃಷ್ಟಿಸಿದರೆ ಆ ವಿಳಾಸದಲ್ಲಿ ತೆರೆದ ಪ್ರತಿ ಖಾತೆಯ ಪಾಸ್‌ವರ್ಡನ್ನೂ ಬದಲಾಯಿಸಬಲ್ಲರು. 2022ರ ಮೇ ತಿಂಗಳಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ‘ಸಿಟಿಎಕ್ಸ್’ ಎಂಬ ತಂತ್ರಾಂಶ ಕಟ್ಟಿನಲ್ಲಿ ಹಾನಿಕಾರಕ ಕೋಡ್ ಸೇರಿದ್ದು ಹೀಗೆಯೇ: ಅದನ್ನು ನಿರ್ವಹಿಸುತ್ತಿದ್ದವರ ಡೊಮೇನ್ ವಾಯಿದೆ ಮುಗಿದಿತ್ತು, ಅದನ್ನು ಕೊಂಡವರು ಇಮೇಲ್ ಮೂಲಕ ಖಾತೆ ವಶಪಡಿಸಿಕೊಂಡರು.

ಮೊದಲು ಆ ಡೊಮೇನ್‌ನ ವಿಳಾಸದಿಂದ ತೆರೆದ ಬ್ಯಾಂಕ್, ಸಾಮಾಜಿಕ ಜಾಲತಾಣ, ಕಡತ ಸಂಗ್ರಹ, ತೆರಿಗೆ ಖಾತೆಗಳ ಪಟ್ಟಿ ಮಾಡಿ, ಒಂದೊಂದನ್ನೂ ಬೇರೆ ವಿಳಾಸಕ್ಕೆ ಬದಲಿಸಿ ಅಥವಾ ಮುಚ್ಚಿ. ಸದಸ್ಯರಿಗೂ ಹೇಳಿ, ಅವರೂ ತಮ್ಮ ಖಾತೆಗಳಲ್ಲಿ ಅದನ್ನು ಬಳಸಿರಬಹುದು. ಆಮೇಲೆ ಕನಿಷ್ಠ ಎರಡು ವರ್ಷ ಹೆಸರನ್ನು ಇಟ್ಟುಕೊಂಡು, ಅಂಚೆ ಪೆಟ್ಟಿಗೆಗೆ ಏನು ಬರುತ್ತದೆಂದು ಗಮನಿಸುತ್ತಿರಿ. ಮರೆತ ಖಾತೆಗಳು ತಾವಾಗಿಯೇ ಹೊರಬರುವುದು ವಾರ್ಷಿಕ ಬಿಲ್ಲು, ತಿಂಗಳ ಲೆಕ್ಕಪತ್ರಗಳ ಮೂಲಕ. ವರ್ಷವಿಡೀ ಜಂಕ್ ಬಿಟ್ಟು ಬೇರೇನೂ ಬರದಿದ್ದರೆ ಆಟೋ ರಿನ್ಯೂ ನಿಲ್ಲಿಸಿ, ಖಾತೆಯಿಂದ ಕಾರ್ಡ್ ತೆಗೆಯಿರಿ.